ಬೆಳ್ಳಗಾದ ಪ್ಲಗ್

"ಪ್ಲಗ್ ಕೊಡಿ!"

"ಕೊಡಲ್ಲ!"

ರೇಸ್ ಶುರುವಾಗೋಕೆ ಇನ್ನೊಂದೇ ಗಂಟೆ. ಅವನ ಡರ್ಟ್ ಬೈಕ್ ಸ್ಟ್ಯಾಂಡ್ ಮೇಲೆ ನಿಂತಿತ್ತು, ಬಿಚ್ಚಿದ ಸ್ಪಾರ್ಕ್ ಪ್ಲಗ್ ಅವಳ ಮುಷ್ಟಿಯಲ್ಲಿತ್ತು. ಅಣ್ಣನ ಗ್ಯಾರೇಜಿನಲ್ಲಿ ಆರು ವರ್ಷ ಕಾರ್ಬ್ಯುರೇಟರ್ ಬಿಚ್ಚಿ ಜೋಡಿಸಿದ ಕೈ ಅದು. ಇವತ್ತು ಬಿಗಿದ ಮುಷ್ಟಿ ಸಡಿಲಿಸಲಿಲ್ಲ!

ಮೊನ್ನೆ ಅವನು ಎಲ್ಲಿಂದಲೋ ಹೊಸ ಸೈಲೆನ್ಸರ್ ಹಾಕಿಸಿಕೊಂಡು ಬಂದಿದ್ದ. ಸದ್ದು ಕೇಳಿ ಅವನಿಗೋ ಖುಷಿಯೋ ಖುಷಿ. ಆಕ್ಸಿಲರೇಟರ್ ಬಿಟ್ಟಾಗಲೆಲ್ಲ ಬರುವ ಪಟಪಟ ಕೇಳಿ ಅವಳಿಗೆ ನಿದ್ದೆ ಹೋಗಿತ್ತು.

"ನೋಡಿ, ಪ್ಲಗ್ ಸುಣ್ಣದ ಹಾಗೆ ಬೆಳ್ಳಗಾಗಿದೆ. ಈ ಹೊಸ ಸೈಲೆನ್ಸರ್‌ನಿಂದ ಗಾಳಿ ಜಾಸ್ತಿ ಹೋಗ್ತಿದೆ, ಪೆಟ್ರೋಲ್ ಸಾಲ್ತಿಲ್ಲ. ಕಾರ್ಬ್ಯುರೇಟರಲ್ಲಿ ಪೆಟ್ರೋಲ್ ಬಿಡೋ ಜೆಟ್ ಇದೆಯಲ್ಲ, ಅದನ್ನ ದೊಡ್ಡದು ಹಾಕಬೇಕು. ಇಲ್ಲಾಂದ್ರೆ ಇಂಜಿನ್ ಕಾದು, ಓಡ್ತಾ ಓಡ್ತಾನೇ ಜಾಮ್ ಆಗುತ್ತೆ!"

"ಅಥವಾ ನಾನು ರೇಸಿಗೆ ಇಳೀಬಾರದು ಅಂತಾನಾ?" ಅವನಿಗೆ ಕೋಪ ಮೂಗಿನ ತುದೀಲೇ. "ನಿಮ್ಮಣ್ಣನೂ ಇದೇ ರೇಸಲ್ಲಿ ಇದಾನಲ್ವಾ!"

ಅವಳು ತಲೆಯೆತ್ತಿ ಅವನನ್ನೇ ನೋಡಿದಳು. 'ಇಷ್ಟೇನಾ... ನನ್ನನ್ನ ಅರ್ಥ ಮಾಡಿಕೊಂಡಿದ್ದು?'

ಪ್ರೀತಿ ಅಂತ ಇಬ್ಬರೂ ಬಾಯಿಬಿಟ್ಟಿರಲಿಲ್ಲ, ನಿಜ. ಆದರೆ ಸರಿಯಿದ್ದ ಬ್ರೇಕನ್ನೇ ಸರಿ ಮಾಡಿಸೋಕೆ ವಾರಕ್ಕೆ ಮೂರು ಸಲ ಬರುತ್ತಿದ್ದ ಮಹಾರಾಯನಿಗೆ, ನಗುತ್ತಾ ಮಾಡಿಕೊಡುತ್ತಿದ್ದವಳ ಮನಸ್ಸು ತಿಳಿಯಬೇಡವಾ?

"ಬೇರೆ ಪ್ಲಗ್ ಹಾಕ್ಕೋತೀನಿ ಬಿಡಿ!" ಎಂದು ಅವನು ತಿರುಗುವಷ್ಟರಲ್ಲಿ ಅಣ್ಣ ಗೊಣಗುತ್ತಾ ಬಂದ.

"ಏನೇ ತಂಗಿ, ಬೆಳಿಗ್ಗೆಯಿಂದ ನನ್ನ ಗಾಡಿ ಮುಟ್ಟಿದ್ದೀಯಾ? ಇವನ ಗಾಡಿ ಮುಂದೇನೇ ಬೇರು ಬಿಟ್ಟಿದ್ದೀಯಲ್ಲ! ನಾನೇನು ತಳ್ಕೊಂಡು ಓಡಲಾ?"

ಅವನ ಮುಖ ಪೆಚ್ಚಾಯಿತು. ಬೈಕಿನ ಪಕ್ಕ ಕುಕ್ಕರಗಾಲಲ್ಲಿ ಕೂತ.

"ಜೆಟ್ ಬದಲಾಯಿಸಿ..." ಅಂದ ಮೆಲ್ಲಗೆ.

ಅವಳು ದೊಡ್ಡ ಜೆಟ್ ಹಾಕಿ, ಕಾರ್ಬ್ಯುರೇಟರಿನ ಸ್ಕ್ರೂ ಕಾಲು ಸುತ್ತು ತಿರುಗಿಸಿ, ಹೊಸ ಪ್ಲಗ್ ಕೂರಿಸಿದಳು. ಅವನು ಒಂದಷ್ಟು ದೂರ ಓಡಿಸಿ ತಂದ. ಪ್ಲಗ್ ಬಿಚ್ಚಿ ನೋಡಿದರೆ ಹದವಾದ ಕಂದು ಬಣ್ಣ! ಪಟಪಟವೂ ಇಲ್ಲ.

ರೇಸ್ ಶುರುವಾಯಿತು. ದಿಬ್ಬದ ಆಚೆಗೆ ಏನೂ ಕಾಣುತ್ತಿರಲಿಲ್ಲ. ಅವಳು ಕಿವಿಯಲ್ಲೇ ಅವನ ಇಂಜಿನ್ ಸದ್ದು ಹುಡುಕುತ್ತಾ ನಿಂತಳು. 'ಜೆಟ್ ಬಿಗಿ ಮಾಡಿದೆನಾ? ಇನ್ನೂ ದೊಡ್ಡದು ಬೇಕಿತ್ತಾ? ಅಯ್ಯೋ...'

ಕೊನೆಯ ಸುತ್ತು. ಆ ಸದ್ದು ಇದ್ದಕ್ಕಿದ್ದಂತೆ ನಿಂತುಹೋಯಿತು!

ಅವಳ ಜೀವ ಬಾಯಿಗೆ ಬಂತು. ದಿಬ್ಬದ ಕಡೆ ಓಡಿದಳು.

ಅವನು ಮೈಯೆಲ್ಲ ಮಣ್ಣಾಗಿ, ಕುಂಟುತ್ತಿದ್ದ ಅಣ್ಣನಿಗೆ ಹೆಗಲು ಕೊಟ್ಟು ಬರುತ್ತಿದ್ದ.

"ನಿಮ್ಮಣ್ಣ ಜಾರಿ ಬಿದ್ದ. ಎತ್ತೋಕೆ ನಾನೇ ಗಾಡಿ ಆಫ್ ಮಾಡಿದೆ. ಇಂಜಿನ್‌ಗೆ ಏನೂ ಆಗಿಲ್ಲ..."

"ಇಂಜಿನ್ ಬಗ್ಗೆ ಕೇಳಿದ್ಯಾರು!" ಅವಳು ಬಿಕ್ಕಿ ಬಿಕ್ಕಿ ಅತ್ತಳು. "ನೀವು ಬರ್ತೀರೋ ಇಲ್ವೋ ಅಂತ ಸತ್ತೇ ಹೋಗಿದ್ದೆ ನಾನು!"

ಅವನ ಕಣ್ಣೂ ತುಂಬಿತು.

"ತಪ್ಪಾಯ್ತು ಕಣೇ. ಇನ್ಮೇಲೆ ನೀನು ಬೇಡ ಅಂದ ದಿನ ಗಾಡಿ ಹತ್ತಲ್ಲ."

"ದಿನಾ ಬೇಡ ಅಂತೀನಿ!"

"ದಿನಾ ಹೇಳೋಕೆ ಜೊತೇಲೇ ಇರಬೇಕಾಗುತ್ತೆ... ಇರ್ತೀಯಾ?"

"ಮೊದಲು ನನ್ನನ್ನ ಎಲ್ಲಾದ್ರೂ ಕೂರಿಸ್ರಪ್ಪಾ!" ಅಣ್ಣ ಕಿರುಚಿದ.

ಅವಳು ಅಣ್ಣನ ಇನ್ನೊಂದು ಕೈಯನ್ನು ಹೆಗಲಿಗೆ ಹಾಕಿಕೊಂಡು, ಅವನತ್ತ ನೋಡಿದಳು.

"ಇರ್ತೀನಿ..."