ಮಣ್ಣು ಮೆತ್ತದ ಮುಖ

"ಒಂದೇ ಒಂದು ಪ್ರದರ್ಶನ, ಸರ್. ಮುಖಕ್ಕೆ ಮಣ್ಣು ಮೆತ್ಕೊಂಡು ಮೇಳದ ಜೊತೆ ಸುಮ್ನೆ ನಿಂತ್ಕೊಳ್ಳಿ. ಆಮೇಲೆ ನೀವುಂಟು, ನಿಮ್ಮ ಪಾತ್ರವುಂಟು."

ಹೀರೋ ಚೂಯಿಂಗ್ ಗಮ್ ಅಗಿಯುವುದನ್ನು ನಿಲ್ಲಿಸದೆಯೇ ನಕ್ಕ. "ನನ್ನನ್ನ ಗುಂಪಲ್ಲಿ ಗೋವಿಂದ ಮಾಡ್ತೀರಾ? ಅಕ್ಕ, ಕೇಳಿದ್ಯಾ? ನಾನು ಮಣ್ಣು ಮೆತ್ಕೋಬೇಕಂತೆ!"

ಅವನ ಚಿತ್ರಗಳು ಓಡುವುದನ್ನು ಬಿಟ್ಟು ವರ್ಷಗಳಾಗಿದ್ದವು. ಆದರೂ ಅವನನ್ನು ಎಲ್ಲರೂ ಹೀರೋ ಎಂದೇ ಕರೆಯುತ್ತಿದ್ದರು. ಬತ್ತಿದ ಕೆರೆಯನ್ನೂ ಜನ ಕೆರೆಯೆಂದೇ ಕರೆಯುವುದಿಲ್ಲವೇ, ಹಾಗೆ. ಮಣ್ಣಿನ ಮಾತೆತ್ತಿದವನು ಆ ರಂಗಮಂದಿರದ ಬದಲಿ ನಟ. ಮುಖ್ಯ ನಟನಿಗೆ ಜ್ವರ ಬಂದರೆ ಅವನ ಪಾತ್ರ ಮಾಡುವುದು ಬದಲಿಯ ಕೆಲಸ. ಮುಖ್ಯ ನಟನಿಗೆ ಹಾಡಲು ಬಾರದಿದ್ದರೆ ಪರದೆಯ ಹಿಂದೆ ನಿಂತು ಹಾಡುವುದೂ ಅವನದೇ ಕೆಲಸ. ಜ್ವರ ಅಪರೂಪವಾಗಿತ್ತು. ಹಾಡಲು ಬಾರದಿರುವುದು ಮಾತ್ರ ಬಂದವರಿಗೆಲ್ಲ ಇದ್ದ ಕಾಯಿಲೆ.

ಅಲ್ಲಿ ನಡೆಯುತ್ತಿದ್ದದ್ದು ಒಂದೇ ಸಂಗೀತ ನಾಟಕ. ಬಾಲ್ಯದಲ್ಲಿ ಅದನ್ನು ನೋಡಿದವರು ಈಗ ತಮ್ಮ ಮೊಮ್ಮಕ್ಕಳನ್ನು ಕರೆತರುತ್ತಿದ್ದರು. ಇಟ್ಟಿಗೆ ಗೂಡಿನ ಕೂಲಿಗಳು, ಅವರ ಪರವಾಗಿ ಎದ್ದು ನಿಲ್ಲುವ ಮೇಸ್ತ್ರಿ, ಕೊನೆಯಲ್ಲಿ ಬೆಂಕಿ. ಇಷ್ಟೇ ಕತೆ. ಮೇಸ್ತ್ರಿಯೂ ಮೇಳದವರೂ ಮುಖದ ತುಂಬ ಹಸಿಮಣ್ಣು ಬಳಿದುಕೊಂಡು ಹಾಡುತ್ತಿದ್ದರು. ಯಾವ ಮುಖ ಯಾರದೆಂದು ತಿಳಿಯದ ಆ ಗುಂಪಿನಿಂದ ಒಂದು ಕಂಠ ಮೇಲೇಳುವುದೇ ನಾಟಕದ ಜೀವವಾಗಿತ್ತು. ಟಿಕೆಟ್ ಮಾರಾಟ ಇಳಿದಾಗ ಮಾಲೀಕ ಜೀವದ ಗೊಡವೆ ಬಿಟ್ಟು ಮುಖಗಳನ್ನು ತರಿಸಲು ಶುರುಮಾಡಿದ. ಮೊದಲು ಒಬ್ಬ ಪೈಲ್ವಾನ. ಆಮೇಲೆ ಅಡುಗೆ ಸ್ಪರ್ಧೆಯ ತೀರ್ಪುಗಾರ. ಆಮೇಲೆ ಟೀವಿಯಲ್ಲಿ ಕಿರುಚುತ್ತಲೇ ಸುದ್ದಿ ಓದುತ್ತಿದ್ದವನು. ಕಪ್ಪೆಗೂ ಟೀವಿಯಲ್ಲಿ ಹೆಸರಿದ್ದರೆ ಮಾಲೀಕ ಅದಕ್ಕೊಂದು ರುಮಾಲು ಸುತ್ತಿ ಮೇಸ್ತ್ರಿ ಮಾಡುತ್ತಿದ್ದ.

"ಮಣ್ಣು ಯಾಕೆ ಅಂತ ಕೇಳಿ, ಸರ್," ಎಂದ ಬದಲಿ. ಅವನ ದನಿ ತಗ್ಗಿತು. "ಮೊದಲನೇ ಮೇಸ್ತ್ರಿ ಒಬ್ಬರಿದ್ರು. ಅವರ ಕಂಠದಿಂದಲೇ ಈ ನಾಟಕ ನೆಲೆನಿಂತದ್ದು. ಅವರನ್ನ ಇಳಿಸಿ ಪೈಲ್ವಾನನ್ನ ಹತ್ತಿಸಿದ್ರು. ಅವರನ್ನ ಮೇಳದ ಕೊನೇ ಸಾಲಿಗೆ ತಳ್ಳಿದ್ರು. ಅವರು ತಮ್ಮ ಹುಬ್ಬು, ತಲೆಕೂದಲು ಬೋಳಿಸಿ, ಸುಟ್ಟು, ಆ ಬೂದೀನ ಮೆತ್ಕೊಳ್ಳೋ ಮಣ್ಣಿಗೆ ಕಲಸಿದ್ರು. ಏನೋ ಮಂತ್ರ ಹೇಳ್ತಾ ಅದನ್ನ ಬಾಯಿಗೂ ತುಂಬ್ಕೊಂಡ್ರು. ಹಾಗೇ ಪ್ರಾಣ ಬಿಟ್ರು. ತಮ್ಮ ಮುಖ ತೋರಿಸೋಕೆ ಬಂದವರ ಮುಖ ಇಲ್ಲೇ ಉಳೀಲಿ ಅಂತ ಮಾಟ. ಒಂದು ಸಲ ಮಣ್ಣು ಮೆತ್ಕೊಂಡು ಯಾರೂ ಅಲ್ಲದವರ ಹಾಗೆ ನಿಂತ್ರೆ ಅದು ಬಿಟ್ಟುಬಿಡತ್ತೆ."

"ಮೆತ್ಕೊಂಡು ಬಿಡೋ, ಗುಂಡ," ಎಂದಳು ಅಕ್ಕ. ಹೀರೋನ ದಿನಚರಿ, ಊಟ, ಸುಳ್ಳು ಎಲ್ಲವನ್ನೂ ನೋಡಿಕೊಳ್ಳುತ್ತಿದ್ದವಳು ಈ ಒಡಹುಟ್ಟಿದ ಅಕ್ಕನೇ. "ಫೇಸ್‌ಪ್ಯಾಕ್ ಅಂದ್ಕೊ. ಹೆಂಗೂ ವಾರಕ್ಕೊಂದು ಸಲ ಹಾಕ್ಕೋತೀಯಲ್ಲ."

"ಅಕ್ಕ, ಜನ ಬರೋದು ಈ ಮುಖ ನೋಡೋಕೆ. ಇದನ್ನ ಮುಚ್ಚಿದ್ರೆ ಇವರ ನಾಟಕಾನ ನಾಯಿಯೂ ಮೂಸಲ್ಲ."

"ಅದೂ ನಿಜಾನೇ," ಎಂದ ಮಾಲೀಕ. "ಮುಖ ಮುಚ್ಚೋ ಹಾಗಿದ್ರೆ ಅಷ್ಟೆತ್ತರದ ಪೋಸ್ಟರ್ ಯಾಕೆ ಹಾಕಿಸ್ಬೇಕಿತ್ತು?"

ಹೀರೋಗೆ ಆ ಮಣ್ಣು ಕಲಸಿಟ್ಟ ಬಾನಿಯನ್ನು ನೋಡಲೇಬೇಕೆನಿಸಿತು. ರಂಗದ ಅಡಿಯ ನೆಲಮಾಳಿಗೆಗೆ ಇಳಿದರು. ತಗ್ಗು ಸೂರು, ತುಕ್ಕು ಹಿಡಿದ ರಾಟೆಗಳು, ಮೇಲೆ ಯಾರೋ ನಡೆದಾಗಲೆಲ್ಲ ಹಲಗೆಗಳ ನರಳಾಟ. ಮೂಲೆಯಲ್ಲಿ ಅಗಲ ಬಾಯಿಯ ಮಣ್ಣಿನ ಬಾನಿ. ಅದಕ್ಕೆ ಯಾರೂ ನೀರು ಹಾಕುತ್ತಿರಲಿಲ್ಲ. ಆ ಮಾಳಿಗೆಯ ಒಣಗಾಳಿಗೆ ಹಸಿಮಣ್ಣು ಕೆಲವೇ ದಿನಗಳಲ್ಲಿ ಬಿರಿಯಬೇಕಿತ್ತು. ಬಿರಿದಿರಲಿಲ್ಲ; ಈಗಷ್ಟೇ ಕಲಸಿದ ಹಾಗೆ ಮಿನುಗುತ್ತಿತ್ತು. ಅದರಿಂದ ಸುಟ್ಟ ಕೂದಲಿನ, ಬಹಳ ದಿನ ಮುಚ್ಚಿಟ್ಟ ಬಾಯಿಯ ವಾಸನೆ ಬರುತ್ತಿತ್ತು.

ಹೀರೋ ಬಗ್ಗಿ ನೋಡಿದ. "ಇಷ್ಟೇನಾ?" ಎಂದು ಬಾಯಲ್ಲಿದ್ದ ಗಮ್ ಅನ್ನು ಅದರೊಳಕ್ಕೆ ಉಗಿದ.

ಮಣ್ಣು ಅದನ್ನು ಮೆಲ್ಲಗೆ ಒಳಗೆಳೆದುಕೊಂಡಿತು. ಒಂದು ಗುಳ್ಳೆ ಎದ್ದಿತು. ಒಡೆಯಿತು. ಚಪ್ಪರಿಸಿದ ಸದ್ದು. ಬದಲಿ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡ.

ಮೊದಲ ಪ್ರದರ್ಶನದಲ್ಲಿ ಹೀರೋ ತೊಳೆದ ಮುಖದಲ್ಲಿ ಬಂದ. ಮಣ್ಣು ಮೆತ್ತಿದ ಮೇಳದ ನಡುವೆ ಅವನ ಕೆನ್ನೆ ಹೊಸ ಸ್ಟೀಲ್ ಪಾತ್ರೆಯಂತೆ ಹೊಳೆಯಿತು. ಶಿಳ್ಳೆ ಎದ್ದಿತು. ಕೂಲಿಯೊಬ್ಬ ಗೂಡಿಗೆ ಬಿದ್ದು ಸಾಯುವ ಹೊತ್ತು ಅದು. ವಾದ್ಯಗಳು ನಿಂತವು, ಹೀರೋ ಪ್ರೇಕ್ಷಕರತ್ತ ಕೈ ಬೀಸಿದ. ಸಾಯುತ್ತಿದ್ದ ಕೂಲಿ ಅವನ ಕೈ ಬೀಸಾಟ ಮುಗಿಯುವವರೆಗೂ ಸಾಯದೆ ಕಾದ. ಪರದೆಯ ಹಿಂದೆ ಬದಲಿ ಹಾಡಿದ, ಹೀರೋ ಬಾಯಿ ಆಡಿಸಿದ. ಹಾಡು ಮುಗಿದ ಮೇಲೂ ಅವನ ತುಟಿ ಸ್ವಲ್ಪ ಹೊತ್ತು ಆಡುತ್ತಿತ್ತು. ಜನ ಅದನ್ನು ಭಾವಾವೇಶವೆಂದು ತಿಳಿದು ಕಣ್ಣೊರೆಸಿಕೊಂಡರು. ಇಂಥ ಪ್ರೇಕ್ಷಕರಿಗೆ ಇಂಥ ಮೇಸ್ತ್ರಿ ಸಾಕಿತ್ತು.

ಅಂದು ಮುಖ ಸ್ವಲ್ಪ ಬಿಗಿಯಿತು. ಒಣಗುತ್ತಿರುವ ಮಣ್ಣಿನ ಹಾಗೆ. ಹೀರೋ ಕ್ರೀಮ್ ಹಚ್ಚಿಕೊಂಡ.

ಅದೇ ವಾರ ಪತ್ರಿಕೆಯ ಛಾಯಾಗ್ರಾಹಕ ಬಂದ. ಹೀರೋನ ಅಂಗಿಯ ಗುಂಡಿಗಳು ಚಿತ್ರದಲ್ಲಿ ಸ್ಪಷ್ಟವಾಗಿ ಮೂಡಿದವು; ಮುಖ ಮಾತ್ರ ಹೆಬ್ಬೆರಳಿನಲ್ಲಿ ಸವರಿದಂತೆ ಕದಡಿತ್ತು. ಅವನು ಲೆನ್ಸ್ ಬದಲಾಯಿಸಿದ. ದೀಪ ಬದಲಾಯಿಸಿದ. ಕ್ಯಾಮೆರಾ ಬದಲಾಯಿಸಿದ. ಬದಲಾಯಿಸದೆ ಉಳಿದದ್ದು ಒಂದೇ ಒಂದು. ದೋಷ ಅಲ್ಲಿರಬಹುದೆಂದು ಯಾರಿಗೂ ಹೊಳೆಯಲಿಲ್ಲ. ಮರುದಿನ ಬಾಗಿಲ ಕಾವಲಿನವನು ಹೀರೋನನ್ನು ತಡೆದು ಪಾಸ್ ಕೇಳಿದ. ಅದರ ಮರುದಿನ ಹೂಗುಚ್ಛ ಹಿಡಿದ ಹೆಂಗಸೊಬ್ಬಳು ಅವನನ್ನು ದಾಟಿ ಹೋಗಿ, ತಿರುಗಿ ಬಂದು, "ಅಣ್ಣಾ, ಹೀರೋ ಯಾವ ಕಡೆಯಿಂದ ಬರ್ತಾರೆ?" ಎಂದು ಅವನನ್ನೇ ಕೇಳಿದಳು.

"ಕುರುಡಿ," ಎಂದು ಅವನು ಬೈದ. ಬೈಗುಳ ಅವನ ದನಿಯಲ್ಲೇ ಇತ್ತು. ಅವಳು ಆ ದನಿಯನ್ನೂ ಗುರುತಿಸಲಿಲ್ಲ.

ಒಂದು ಮಧ್ಯಾಹ್ನ ಅವನು ಬಣ್ಣದ ಕೋಣೆಯ ಕನ್ನಡಿಯ ಮುಂದೆ ಕುಳಿತ. ಕನ್ನಡಿಯಲ್ಲಿ ಕಣ್ಣಿದ್ದವು. ಮೂಗಿತ್ತು. ಬಾಯಿಯಿತ್ತು. ಎಲ್ಲವೂ ಅದರದರ ಜಾಗದಲ್ಲೇ ಇದ್ದವು. ಯಾರದೂ ಆಗಿರಲಿಲ್ಲ. ಬಸ್ಸಿನ ಕಿಟಕಿಯಲ್ಲಿ ಕಂಡು, ಬಸ್ಸು ತಿರುಗುವಷ್ಟರಲ್ಲಿ ಮರೆತುಹೋಗುವ ಮುಖ. ಅವನು ಕೆನ್ನೆ ಉಜ್ಜಿದ. ಇನ್ನೂ ಉಜ್ಜಿದ. ಬೆರಳಿಗೆ ಕೆಸರು ಹತ್ತಿತು. ಸುಟ್ಟ ಕೂದಲಿನ ವಾಸನೆ. ನಾಟಕದ ಗಂಟೆ ಹೊಡೆಯಿತು.

ಅವನು ರಂಗಕ್ಕೆ ಓಡಿದ. ದೀಪದ ಬೆಳಕು ಅವನ ಮೇಲೆ ಬಿತ್ತು. ಶಿಳ್ಳೆ ಇಲ್ಲ. ಚಪ್ಪಾಳೆ ಇಲ್ಲ. ಕತ್ತಲಲ್ಲಿ ಯಾರೋ ಕೆಮ್ಮಿದರು.

"ಯಾರೋ ಇವನು?"

"ಹೀರೋ ಎಲ್ಲಿ?"

"ಇಳಿಯೋ ಕೆಳಗೆ!"

ಅವನು ಕೈ ಬೀಸಿದ. ನಕ್ಕ. ಅದೇ ಹಲ್ಲು, ಅದೇ ನಗು. ನೀರಿನ ಬಾಟಲಿಯೊಂದು ಹಾರಿಬಂದು ಎದೆಗೆ ಬಡಿಯಿತು. ಆಗ ಎದುರು ಬದಿಯ ಪರದೆ ಸರಿಯಿತು. ರಂಗಮಂದಿರವೇ ಎದ್ದು ಕೂಗಿತು. ಬಂದವನು ಬದಲಿ. ಅವನ ನಡಿಗೆ, ಅವನ ತೋಳು, ಅವನ ಹರಿದ ಚಪ್ಪಲಿ. ಕತ್ತಿನ ಮೇಲೆ ಹೀರೋನ ಮುಖ.

ರಂಗದ ಕೆಲಸಗಾರರು ಹೀರೋನ ಕುತ್ತಿಗೆಪಟ್ಟಿ ಹಿಡಿದು ಎಳೆದರು. ಮೇಳದವರಲ್ಲೊಬ್ಬ ಹಾಡುತ್ತಲೇ ಸರಿದು ಜಾಗ ಕೊಟ್ಟ. ಮಣ್ಣಿನ ಮುಖ. ಒಂದು ಕಾಲದಲ್ಲಿ ಪೈಲ್ವಾನನದಾಗಿದ್ದಿರಬಹುದಾದ ಹೆಗಲು.

ಆಮೇಲೆ ಬಣ್ಣದ ಕೋಣೆಯಲ್ಲಿ ಬದಲಿ ಕನ್ನಡಿಗೆ ಬೆನ್ನು ಹಾಕಿ ಕುಳಿತಿದ್ದ. ಹೀರೋನ ಸುಂದರ ಕಣ್ಣುಗಳಿಂದ ಅಳುತ್ತಿದ್ದ.

"ನಾನು ಕೇಳಿರಲಿಲ್ಲ, ಸರ್. ಪ್ರತಿ ಸಲ ಬಂದವರ ಮುಖ ನನ್ನ ಮೇಲೇ ಬಂದು ಕೂರತ್ತೆ. ಮುಂದಿನವರು ಬರೋವರೆಗೆ ಇರತ್ತೆ, ಆಮೇಲೆ ಅಳಿಸಿಹೋಗತ್ತೆ. ನನ್ನ ಸ್ವಂತದ್ದು ಹೆಂಗಿತ್ತು ಅಂತ ನಂಗೇ ಮರೆತುಹೋಗಿದೆ."

"ನನ್ನದನ್ನ ಕೊಡು!"

"ನನ್ನ ಕೈಲಿಲ್ಲ. ನಿಮ್ಮ ಒಡಹುಟ್ಟಿದವರು ನಿಮ್ಮನ್ನ ಗುರುತು ಹಿಡೀಬೇಕು. ಹಿಡಿದು, ಮನೇಲಿ ಕರೆಯೋ ಹೆಸರಿಂದ ಒಂದು ಸಲ ಕರೀಬೇಕು. ಅಷ್ಟೇ ದಾರಿ."

"ನೀನೇ ಅಕ್ಕಂಗೆ ಹೇಳು!"

"ಹೇಳೋಕೆ ಹೋದೆ. ಅವರ ಮುಂದೆ ಬಾಯಿ ತೆಗೆದ್ರೆ ನಿಮ್ಮ ಮಾತೇ ಬರತ್ತೆ. 'ಅಕ್ಕ, ಜ್ಯೂಸ್ ಎಲ್ಲಿ' ಅಂದುಬಿಟ್ಟೆ."

ಹೀರೋ ಬೀದಿಗೆ ಹೋಗಿ ನೋಡಿದ. ಗೆಳೆಯರು ಅವನಿಗೆ ಬಾಗಿಲು ತೆರೆಯಲಿಲ್ಲ. ಅಭಿಮಾನಿ ಸಂಘದ ಅಧ್ಯಕ್ಷ ಅವನನ್ನು ಕುಡುಕನೆಂದು ಓಡಿಸಿದ. ಮಾಟ ಮಾಡಿದವನು ಹೆಚ್ಚೇನೂ ಶ್ರಮಪಟ್ಟಿರಲಿಕ್ಕಿಲ್ಲ. ಓಡದ ಚಿತ್ರಗಳ ನಾಯಕನನ್ನು ಮರೆಯುವ ಕೆಲಸವನ್ನು ಜನ ಮೊದಲೇ ಅರ್ಧ ಮುಗಿಸಿಟ್ಟಿದ್ದರು. ಉಳಿದವಳು ಅಕ್ಕ ಒಬ್ಬಳೇ.

ಮರುದಿನ ಮಧ್ಯಾಹ್ನದ ಪ್ರದರ್ಶನಕ್ಕೆ ಮುನ್ನ ಅವಳು ಬಿಸಿನೀರಿನ ಫ್ಲಾಸ್ಕ್ ಹಿಡಿದು ಓಣಿಯಲ್ಲಿ ಬಂದಳು. ಅವನು ಅಡ್ಡ ನಿಂತ. ಕೆನ್ನೆಯ ಮೇಲೆ ಕೆಸರು ತಾನಾಗಿಯೇ ಒಸರಿ ಗಲ್ಲದಿಂದ ತೊಟ್ಟಿಕ್ಕುತ್ತಿತ್ತು.

"ಅಕ್ಕ, ನಾನು."

"ಮೇಳದವನಾ? ಏನಿದ್ರೂ ಮಾಲೀಕರ ಹತ್ರ ಮಾತಾಡಪ್ಪ. ನಾನು ತಮ್ಮಂಗೆ ನೀರು ಕೊಡಬೇಕು."

"ನಾನೇ ನಿನ್ನ ತಮ್ಮ. ಬಾವಿಗೆ ಬಿದ್ದಾಗ ನಿನ್ನ ಜಡೆ ಹಿಡ್ಕೊಂಡು ಮೇಲೆ ಬಂದೆನಲ್ಲ…"

"ಟೀವಿಲಿ ಹೇಳಿದಾನೆ. ಹೇಳ್ತಾ ಅತ್ತೂ ಇದಾನೆ."

"ಫೇಲಾಗಿ ಮಾರ್ಕ್ಸ್ ಕಾರ್ಡ್ ಒಲೆಗೆ ಹಾಕಿದ್ದೆ. ನಾನೇ ಹಾಕಿದ್ದು ಅಂತ ನೀನು ಅಮ್ಮನ ಹತ್ರ ಒಪ್ಕೊಂಡೆ."

"ಅದು ಟ್ಯೂಷನ್ ಜಾಹೀರಾತಲ್ಲಿ ಬಂತಲ್ಲ."

"ನಿನ್ನ ಮದುವೆ ಮುರಿದ ದಿನ ಮಹಡಿ ಮೇಲೆ…"

"ಅದನ್ನೂ ಹೇಳಿದ," ಎಂದಳು ಅಕ್ಕ. ದನಿ ಗಡುಸಾಯಿತು. "ನನ್ನನ್ನ ಒಂದು ಮಾತು ಕೇಳದೆ ಹೇಳಿದ. ದಾರಿ ಬಿಡು."

ಅವನು ತನ್ನ ಬದುಕನ್ನೆಲ್ಲ ತಡಕಾಡಿದ. ಬಾಲ್ಯ ಮಾರಿಹೋಗಿತ್ತು. ಬಡತನ ಮಾರಿಹೋಗಿತ್ತು. ಪ್ರೀತಿ, ಜಗಳ, ಜ್ವರದ ಕನವರಿಕೆ, ಎಲ್ಲವೂ ಯಾವುದೋ ಸೋಫಾದ ಮೇಲೆ ಕುಳಿತು, ಯಾರದೋ ಮೈಕಿಗೆ ಒಪ್ಪಿಸಿದ್ದೇ ಆಗಿತ್ತು. ಊರಿಗೆಲ್ಲ ಗೊತ್ತಿರುವುದರಿಂದ ಒಬ್ಬ ಮನುಷ್ಯ ತಾನು ತಾನೇ ಎಂದು ಸಾಬೀತುಪಡಿಸುವುದು ಹೇಗೆ? ಮಾರದೆ ಉಳಿದಿದ್ದದ್ದು ಒಂದೇ ಒಂದು. ಅದನ್ನು ಯಾರೂ ಕೊಳ್ಳುವಂತಿರಲಿಲ್ಲ.

ಕೆಸರು ತುಟಿಗೆ ಬಂತು. ಮೂಗಿನ ಹೊಳ್ಳೆಗೆ ಏರಿತು. ಒಳಗೆ ಗಂಟೆ. ಅಕ್ಕ ಅವನನ್ನು ದಾಟಿ ಒಂದು ಹೆಜ್ಜೆ ಇಟ್ಟಳು.

"ಅಮ್ಮ ಹೋದ ದಿನ ಫೋನ್ ಬಂದಿತ್ತು, ಅಕ್ಕ."

ಅವಳು ನಿಂತಳು.

"ಟೀವಿಲಿ ಹೇಳಿದ್ದು ಸುಳ್ಳು. ಫೋನ್ ಆಫ್ ಆಗಿರಲಿಲ್ಲ. ನರ್ಸ್ ಬೆಳಿಗ್ಗೇನೇ ಮಾಡಿದ್ಲು. ಅಮ್ಮ ನಿನ್ನನ್ನ ಕೇಳ್ತಿದಾರೆ, ಬೇಗ ಕಳಿಸಿ ಅಂದ್ಲು. ಸಂಜೆ ಶಾಟ್ ಇತ್ತು. ನೀನು ಹೊರಟುಹೋದ್ರೆ ನನ್ನ ಕೆಲಸ ನೋಡೋರು ಯಾರೂ ಇರಲಿಲ್ಲ. ಶಾಟ್ ಓಕೆ ಆದ್ಮೇಲೆ ನಿಂಗೆ ಹೇಳಿದೆ."

ಫ್ಲಾಸ್ಕ್ ಅವಳ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಒಳಗಿನ ಗಾಜು ಒಡೆದ ಸದ್ದು. ಅಮ್ಮನಿಗೆ ಕೊನೆಯ ಗುಟುಕು ನೀರು ಕೊಡಲು ತಾನಿರಲಿಲ್ಲವೆಂದು ಅವಳು ಇಷ್ಟು ವರ್ಷ ತನ್ನನ್ನೇ ಹಳಿದುಕೊಂಡಿದ್ದಳು. ಅವನ ಮುಂದೆಯೇ ಹಳಿದುಕೊಂಡಿದ್ದಳು. ಅವನು ಬೆನ್ನು ಸವರಿ ಸಮಾಧಾನ ಮಾಡಿದ್ದ.

ಅವಳು ತಿರುಗಿದಳು. ಹತ್ತಿರ ಬಂದಳು. ಸೆರಗಿನಿಂದ ಅವನ ಹಣೆಯ ಕೆಸರನ್ನು ಒರೆಸಿದಳು. ಕಣ್ಣುಗಳು ಅಗಲವಾದವು. ತುಟಿಗಳು ಬಿರಿದು, ಹೆಸರಿನ ಮೊದಲ ಅಕ್ಷರಕ್ಕೆ ದುಂಡಾದವು.

ಅವನ ಕೆನ್ನೆ ಸಡಿಲವಾಯಿತು. ಗಾಳಿ ಒಳಬಂತು. ಒಂದೇ ಒಂದು ಉಸಿರು.

ಅಕ್ಕ ತುಟಿ ಮುಚ್ಚಿದಳು. ಆಮೇಲೆ ಸೆರಗನ್ನು ಕೊಡವಿ ಸರಿಮಾಡಿಕೊಂಡಳು.

"ನೀನು ಯಾರೋ ನಂಗೊತ್ತಿಲ್ಲಪ್ಪ," ಎಂದಳು.

ಅವನ ಕಣ್ಣುಗಳನ್ನೇ ನೋಡುತ್ತ ಹೇಳಿದಳು. ಗುರುತಿಲ್ಲದವರನ್ನು ಯಾರೂ ಹಾಗೆ ನೋಡುವುದಿಲ್ಲ.