ಮುರಿಯದೆ ಉಳಿದ ಮೂರು ಪಟ್ಟಿಗಳು

ಮೊದಲ ಭೇಟಿಯಲ್ಲೇ ಅವಳು ಅವನ ಮೇಲೆ ಹರಿಹಾಯ್ದಿದ್ದಳು.

"ನಿಮ್ಮ ಮಷೀನೇ ಸರಿಯಿಲ್ಲ ಕಣ್ರೀ! ಗ್ರಾಫೀನ್ ಹಾಕಿದ ಪಟ್ಟಿ, ಹಾಕದೇ ಇರೋದಕ್ಕಿಂತ ಬೇಗ ಮುರಿಯುತ್ತಾ ಎಲ್ಲಾದ್ರೂ?"

ಲ್ಯಾಬಿನ ನೆಲಮಾಳಿಗೆಯಲ್ಲಿ ಕೂತು, ಬಂದದ್ದನ್ನೆಲ್ಲ ಎಳೆದು ಮುರಿದು ಅದರ ಬಲ ಅಳೆಯುವುದು ಅವನ ಕೆಲಸ. ಎಲ್ಲರ ಬಾಯಲ್ಲೂ ಅವನು 'ಮುರುಕ'. ಅವಳು ಮೇಲಿನ ಮಹಡಿಯ ಸಂಶೋಧಕಿ. ಗಾಜಿನ ನೂಲಿನ ಬಟ್ಟೆಗೆ ಎಪಾಕ್ಸಿ ರಾಳ ಬಳಿದು ಹಗುರವಾದ ಹಲಗೆ ಮಾಡಿ, ಪರೀಕ್ಷೆಗೆಂದು ಅದರಿಂದ ಪಟ್ಟಿ ಕತ್ತರಿಸುವವಳು. ರಾಳಕ್ಕೆ ಚೂರು ಗ್ರಾಫೀನ್ ಎಂಬ ಇಂಗಾಲದ ಪುಡಿ ಬೆರೆಸಿದರೆ ಹಲಗೆ ಎಷ್ಟು ಗಟ್ಟಿಯಾದೀತು ಎಂದು ನೋಡುತ್ತಿದ್ದಳು. ಆ ಕರಿ ಪುಡಿಯ ದೆಸೆಯಿಂದ ಅವಳಿಗೂ ಹೆಸರು ಬಿದ್ದಿತ್ತು, 'ಮಸಿ ಮೇಡಂ'.

ಮುರುಕ ಮುರಿದ ಅಂಚನ್ನು ಮೈಕ್ರೋಸ್ಕೋಪಿನಡಿ ಇಟ್ಟು, ಅವಳಿಗೆ ಕುರ್ಚಿ ಎಳೆದುಕೊಟ್ಟ.

"ನೋಡಿ, ಪುಡಿ ಗಂಟುಗಂಟಾಗಿದೆ. ಹಾಕಿದ್ದು ಜಾಸ್ತಿ, ಕಲಸಿದ್ದು ಕಮ್ಮಿ. ಆ ಗಂಟಿನ ಹತ್ರಾನೇ ಬಿರುಕು ಬಿಟ್ಟಿದೆ."

ಅವಳು ಪೆಚ್ಚಾದಳು. "ಸಾರಿ."

"ಪರವಾಗಿಲ್ಲ. ಆದ್ರೆ ನಿಮ್ಮ ಕೆನ್ನೆ ಮೇಲೆ ಮಸಿ ಇದೆ. ನೀವು ಬೈಯೋವಾಗ ನಗು ತಡ್ಕೊಳ್ಳೋದೇ ಕಷ್ಟ ಆಯ್ತು."

ಅವಳ ಕೆನ್ನೆ ಮಸಿಯ ಸುತ್ತಲೂ ಕೆಂಪಗಾಯಿತು.

ಆಮೇಲೆ ಪುಡಿ ಕಮ್ಮಿ ಮಾಡಿದಳು, ಕಲಸುವ ಹೊತ್ತು ಹೆಚ್ಚಿಸಿದಳು. ನೂರು ಪಾಲು ರಾಳಕ್ಕೆ ಕಾಲು ಪಾಲು ಪುಡಿ ಬಿದ್ದಾಗ ಹದ ಕೂಡಿಬಂತು. ರಾಳ ನೂಲನ್ನು ಬಿಗಿಯಾಗಿ ಹಿಡಿಯಿತು. ಮಷೀನು ಪಟ್ಟಿಯನ್ನು ಎಳೆಯುತ್ತಿದ್ದ ಹಾಗೇ ಪರದೆಯ ಮೇಲೊಂದು ಹಸಿರು ಗೆರೆ ಮೆಲ್ಲಮೆಲ್ಲಗೆ ಮೇಲೇರುತ್ತಿತ್ತು. ಗೆರೆ ನೋಡುವ ನೆಪದಲ್ಲಿ ಅವಳು ಪರದೆಯಲ್ಲಿ ಮೂಡಿದ ಅವನ ಮುಖ ನೋಡುತ್ತಿದ್ದಳು. ಅವನ ಕಣ್ಣೂ ಪರದೆಯಲ್ಲಿನ ತನ್ನ ಮುಖದ ಮೇಲೇ ಇದೆ ಎಂದು ತಿಳಿದ ದಿನ, ಪಟ್ಟಿ ಪಟಾರನೆ ಮುರಿದದ್ದೂ ಅವಳಿಗೆ ಕೇಳಿಸಲಿಲ್ಲ.

"ಏನೇ, ತಟ್ಟೆ ನೋಡ್ಕೊಂಡು ನಗ್ತಿದ್ದೀಯ? ಯಾರೇ ಅದು?" ಮನೆಯಲ್ಲಿ ಅಕ್ಕ ಕಾಲೆಳೆದಳು.

"ಯಾರೂ ಇಲ್ಲ ಹೋಗೇ," ಎಂದವಳಿಗೆ ಊಟ ಸೇರಲಿಲ್ಲ. ಪ್ರಯೋಗ ಮುಗಿಯುತ್ತಾ ಬಂದಿತ್ತು. ಬೇರೆ ಊರಲ್ಲಿ ಹೊಸ ಕೆಲಸ ಕಾಯುತ್ತಿತ್ತು, ಬರುವ ಭಾನುವಾರವೇ ಬಸ್ಸು ಹತ್ತಬೇಕಿತ್ತು. ಒಂದು ಮಾತು ಹೇಳದೆ ಹೋದರೆ, ಮತ್ತೆ ಆ ಮೆಟ್ಟಿಲಿಳಿಯಲು ಅವಳಿಗೆ ಕಾರಣವೇ ಇರಲಿಲ್ಲ.

ಕೊನೆಯ ದಿನ ಬಂತು. ಅವನು ಒಂದೊಂದಾಗಿ ಐದು ಪಟ್ಟಿ ಮುರಿದ. ಆರನೆಯದನ್ನು ಎತ್ತಿದವನು ಹಾಗೇ ಕೆಳಗಿಟ್ಟ.

"ಒಂದು ಮಿಶ್ರಣಕ್ಕೆ ಐದು ಮುರಿದ್ರೆ ಸಾಕು, ನಿಯಮಾನೇ ಅಷ್ಟು. ನೀವು ಮಾತ್ರ ಪ್ರತಿ ಸಲ ಎಂಟು ತರ್ತೀರಿ."

ಕಳ್ಳಿ ಸಿಕ್ಕಿಬಿದ್ದಳು.

"ನಿಮಗೂ ಗೊತ್ತಿತ್ತಲ್ಲ? ಮತ್ತೆ ಎಂಟನ್ನೂ ಯಾಕೆ ಮುರೀತಿದ್ರಿ?"

"ಐದಕ್ಕೇ ನಿಲ್ಲಿಸಿದ್ರೆ ನೀವು ಎದ್ದು ಹೋಗ್ತಿದ್ರಿ."

ಅಷ್ಟು ಸಾಕಾಯಿತು ಅವಳಿಗೆ. "ನೀವಂದ್ರೆ ನನಗೆ ತುಂಬಾ ಇಷ್ಟ," ಎಂದಳು, ಒಂದೇ ಉಸಿರಿಗೆ. "ಹೇಳದೆ ಹೋಗೋಕೆ ನನ್ನ ಕೈಲಾಗಲ್ಲ."

ಅವನು ಮಷೀನ್ ಆರಿಸಿದ.

"ಇನ್ನೂ ಮೂರು ಇವೆಯಲ್ಲ?"

"ಇರಲಿ ಬಿಡಿ. ನಿಮ್ಮನ್ನ ಕೂರಿಸ್ಕೊಳ್ಳೋಕೆ ಇನ್ಮೇಲೆ ಏನನ್ನೂ ಮುರೀಬೇಕಾಗಿಲ್ಲ." ಆಮೇಲೆ, ಕಣ್ಣೆತ್ತದೆ ಕೇಳಿದ: "ಭಾನುವಾರ ನಿಮ್ಮ ಬಸ್ಸು ಎಷ್ಟು ಗಂಟೆಗೆ?"

"ಯಾಕೆ?"

"ನಾನೂ ಜೊತೆಗೆ ಬಂದು ಆ ಊರಲ್ಲಿ ನಿಮ್ಮ ಮನೆ ನೋಡ್ಕೊಂಡು ಬರ್ತೀನಿ. ವಾರವಾರ ಬರೋನಿಗೆ ದಾರಿ ಗೊತ್ತಿರಬೇಕಲ್ಲ."