ತಾಯಿಯಿಂದ ಬಂದದ್ದು

"ಮಡಗಾಸ್ಕರಿನಲ್ಲಿ ನಮ್ಮ ಊರಿನ ಹೆಂಗಸು!" ಲ್ಯಾಬ್‌ನ ಮುಖ್ಯಸ್ಥರು, ನಮ್ಮ ಕಡೆಯವರೇ ಆದ ಎಡ್ವರ್ಡ್ ಸರ್ ಕಂಪ್ಯೂಟರ್ ಮುಂದೆ ಕುಣಿಯುವುದೊಂದೇ ಬಾಕಿ.

ಶರ್ಮಿಳಾ ಪರದೆಯನ್ನು ನೋಡಿದಳು, ಆಮೇಲೆ ನನ್ನನ್ನು. ಆ ನೋಟ ಬೇಕಾದ್ದಕ್ಕಿಂತ ಅರ್ಧ ಕ್ಷಣ ಹೆಚ್ಚೇ ನಿಂತಿತು.

ಎರಡು ಸಾವಿರದ ಏಳನೇ ಇಸವಿಯ ಆಗಸ್ಟ್. ದೋಹಾದ ಆ ಲ್ಯಾಬ್‌ನಲ್ಲಿ ನಮ್ಮ ಕೆಲಸ ಇಷ್ಟೆ: ಸಾವಿರಾರು ವರ್ಷಗಳ ಹಿಂದೆ ತೈವಾನ್ ಕಡೆಯಿಂದ ದೋಣಿಯಲ್ಲಿ ಹೊರಟವರು ದ್ವೀಪದಿಂದ ದ್ವೀಪಕ್ಕೆ ದಾಟುತ್ತ ಮಡಗಾಸ್ಕರ್ ತನಕ ಹೋದ ದಾರಿಯನ್ನು ಅಲ್ಲಲ್ಲಿನ ಮೂಲನಿವಾಸಿಗಳ ರಕ್ತದಲ್ಲಿ ಹುಡುಕುವುದು. ತಾಯಿಯಿಂದ ಮಾತ್ರ ಮಕ್ಕಳಿಗೆ ಬರುವ ಡಿಎನ್‌ಎ ಒಂದಿದೆ. ನಾವು ಓದುತ್ತಿದ್ದದ್ದು ಅದನ್ನು. ಈಗ ಮಡಗಾಸ್ಕರಿನ ಒಂದು ಸ್ಯಾಂಪಲ್‌ನಲ್ಲಿ ನಮ್ಮ ಕಡೆಯ ತಾಯಿಯೊಬ್ಬಳ ಗುರುತು ಕಂಡಿತ್ತು.

ನಮ್ಮ ತುಳುವರಲ್ಲಿ 'ಬರಿ', ಅಂದರೆ ಗೋತ್ರದಂಥ ಕುಲ, ಬರುವುದೂ ತಾಯಿಯಿಂದಲೇ. ಒಂದೇ ಬರಿಯವರು ಒಂದೇ ತಾಯಿಯ ಮಕ್ಕಳೆಂದು ನಂಬಿಕೆ, ಮದುವೆ ಕೂಡದು. ಮಾರ್ಚ್‌ನಲ್ಲಿ ಶರ್ಮಿಳಾಳ ಅಮ್ಮ ನಮ್ಮ ಮದುವೆಯ ಯೋಚನೆಯಲ್ಲಿ ಫೋನಿನಲ್ಲಿ ನನ್ನ ಬರಿ ವಿಚಾರಿಸಿದರು. ಅವರದ್ದೇ ಆಗಿತ್ತು. ಮರುದಿನದಿಂದ ಅವಳು ನನ್ನನ್ನು 'ಶರಣಣ್ಣ' ಎಂದು ಕರೆದಳು. ತಮಾಷೆಯ ಹಾಗೆ ಹೇಳಿದಳು, ಕಣ್ಣು ಮಾತ್ರ ಟ್ಯೂಬುಗಳ ಮೇಲಿತ್ತು.

ಐದು ತಿಂಗಳು ಎದುರುಬದುರು ಬೆಂಚಿನಲ್ಲಿ ಹೀಗೇ ಕಳೆದವು. ಆಸೆ ಬಿಡಲೂ ದಣಿವು, ಇಟ್ಟುಕೊಳ್ಳಲೂ ದಣಿವು.

ಎಡ್ವರ್ಡ್ ಸರ್ ಕಪಾಟಿನಲ್ಲಿ ನಮ್ಮ ಡಿಎನ್‌ಎ ವಿವರವೂ ಇತ್ತು. ಕೆಲಸದವರ ಎಂಜಲೋ ಬೆವರೋ ಸ್ಯಾಂಪಲ್‌ಗೆ ಬೆರೆತರೆ ಪತ್ತೆಹಚ್ಚಲೆಂದು ಕೆಲಸಕ್ಕೆ ಸೇರುವಾಗಲೇ ತೆಗೆದಿಟ್ಟದ್ದು. ಅದನ್ನು ತೆರೆದಿದ್ದರೆ ನಾವು ನಿಜಕ್ಕೂ ಒಂದೇ ತಾಯಿಯ ಸಂತಾನವೋ ಎಂದು ತಿಳಿಯುತ್ತಿತ್ತು. ನಾನು ಕೇಳಲಿಲ್ಲ. ಅವಳೂ ಕೇಳಲಿಲ್ಲ. ಹೌದು ಎಂದು ಬಂದರೆ ಆಮೇಲೆ ಆಸೆಪಡಲೂ ಜಾಗವಿರದು.

"ಸರ್, ಇದು ಅಲ್ಲಿನವರದ್ದಲ್ಲ," ಶರ್ಮಿಳಾ ಮೆಲ್ಲನೆ ಹೇಳಿದಳು. "ನಮ್ಮಲ್ಲೇ ಯಾರದ್ದೋ ಬೆರೆತಿದೆ. ಆ ಟ್ರೇ ಮುಟ್ಟಿದ್ದು ನಾವಿಬ್ಬರೇ. ಕಪಾಟು ತೆಗೀರಿ."

"ಬೇಡ," ಎಂದೆ.

"ಯಾಕೆ ಶರಣಣ್ಣಾ, ಹೆದರಿಕೆಯಾ?"

"ನಿನಗಿಲ್ವಾ?"

ಅವಳು ಕೈಗವಸನ್ನು ಒಂದೊಂದೇ ಬೆರಳಿನಿಂದ ಬಿಡಿಸುತ್ತ ನಿಂತಳು, ಬಹಳ ನಿಧಾನವಾಗಿ. ಎಡ್ವರ್ಡ್ ಸರ್ ಎರಡು ಹಾಳೆ ತಂದು ಪರದೆಯ ಪಕ್ಕ ಹಿಡಿದು ಸಾಲುಸಾಲಾಗಿ ಬೆರಳಾಡಿಸಿದರು.

"ನಿನ್ನದೇ ಶರಣ್ ಮಾರಾಯ! ಮಡಗಾಸ್ಕರಿಗೆ ಹೋದದ್ದು ನಮ್ಮ ಊರಿನ ಹೆಂಗಸೂ ಅಲ್ಲ, ಎಂತದೂ ಅಲ್ಲ, ನಿನ್ನ ಎಂಜಲು. ನಾಲ್ಕು ವಾರದ ಕೆಲಸ ಖಲಾಸ್!"

"ನನ್ನದು?" ಶರ್ಮಿಳಾ ಕೇಳಿದಳು.

"ನಿನ್ನದು ಹತ್ತಿರಕ್ಕೂ ಇಲ್ಲ. ನಿಮ್ಮಿಬ್ಬರ ಅಜ್ಜಿಯಂದಿರು ಬೇರೆಯಾಗಿ ಎಷ್ಟು ಸಾವಿರ ವರ್ಷ ಆಯ್ತೋ ದೇವರಿಗೇ ಗೊತ್ತು. ಇದರಲ್ಲಿ ನಗುವಂಥದ್ದು ಎಂತ ಉಂಟು ಮಾರಾಯ್ತಿ?"

ಅವಳು ನಗುತ್ತಿದ್ದಳು. ನಕ್ಕು ನಕ್ಕು ತೋಳಿನಿಂದ ಕಣ್ಣು ಒರೆಸಿಕೊಂಡಳು.

ಸಂಜೆ ದೋಹಾದ ನಜ್ಮಾ ಬಡಾವಣೆಯ ಒಂದು ಕೆಫೆಟೇರಿಯಾದಲ್ಲಿ ಕೂತೆವು. ಹೊರಗೆ ಬಿಸಿಗಾಳಿ, ಧೂಳು. ಇಬ್ಬರಿಗೂ ಚಹಾದ ಲೋಟ ಎತ್ತುವ ತ್ರಾಣವೂ ಇರಲಿಲ್ಲ.

"ನಿನ್ನ ಅಮ್ಮ ಇದನ್ನೆಲ್ಲ ಒಪ್ಪುದಿಲ್ಲ. ಅವರಿಗೆ ಬರಿ ಅಂದ್ರೆ ಬರಿ."

"ಗೊತ್ತುಂಟು. ಅಮ್ಮನಿಗೋಸ್ಕರ ಅಲ್ಲ ಶರಣ್, ನನಗೇ ಬೇಕಿತ್ತು. ನಿನ್ನನ್ನು ನೋಡುವಾಗೆಲ್ಲ ತಪ್ಪು ಮಾಡ್ತಿದ್ದೇನೆ ಅಂತ ಆಗ್ತಿತ್ತು. ಆದ್ರೂ ನೋಡ್ತಿದ್ದೆ," ಎಂದಳು.

ನಾನು ಏನಾದರೂ ಹೇಳುವ ಮೊದಲೇ ಅವಳು ಊರಿಗೆ ಫೋನ್ ಮಾಡಿದಳು. "ಅಮ್ಮ, ನಾನು ಶರಣ್‌ನನ್ನೇ ಮದುವೆ ಆಗುದು. ಲ್ಯಾಬ್‌ನಲ್ಲಿ ನೋಡಿ ಆಯ್ತು. ನಾವು ಅಣ್ಣ ತಂಗಿ ಅಲ್ಲ." ಆಮೇಲೆ ಬಹಳ ಹೊತ್ತು ಬರೀ ಕೇಳಿಸಿಕೊಂಡಳು. ಕೊನೆಗೆ ಫೋನನ್ನು ನನ್ನ ಮುಂದೆ ಹಿಡಿದಳು. "ನಿನ್ನ ಹತ್ರ ಮಾತಾಡ್ಬೇಕಂತೆ."

ಒಂದೇ ಬರಿಯಾದರೆ ಆಕೆ ನನಗೆ ಚಿಕ್ಕಮ್ಮ, ಬೇರೆಯಾದರೆ ಅತ್ತೆ. ನಾನು ಏನೆಂದು ಕರೆಯುತ್ತೇನೆ ಎಂದು ಆಚೆ ಕಡೆ ಅವರು ಉಸಿರು ಹಿಡಿದು ಕಾಯುತ್ತಿರುವುದು ಗೊತ್ತಾಗುತ್ತಿತ್ತು. ಶರ್ಮಿಳಾ ಮೇಜಿನ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದ್ದಳು.

"ಅತ್ತೆ," ಎಂದೆ, "ನಾನು ಶರಣ್."

ಫೋನ್ ಕಟ್ ಆಗಲಿಲ್ಲ.

"ಹೇಳು," ಎಂದರು.